ಹಗುರ ಕಲ್ಲು ಮೇಲೆ, ಊರ ಕಲ್ಲು ಕೆಳಗೆ

ಹೊಸ ಮನೆ ಕಟ್ಟಿಸುತ್ತಿರುವ, ಇದ್ದ ಮನೆಗೆ ಹೊಸ ಮುಖ ಕೊಡಬೇಕೆಂದಿರುವ ತಮ್ಮ-ತಂಗಿಯರಿಗೆ ಈ ನಾಲ್ಕು ಮಾತು.

ಸಿಂಧನೂರು, ಲಿಂಗಸುಗೂರಿನ ಹೊಸ ಲೇಔಟುಗಳಲ್ಲಿ, ತಾಲ್ಲೂಕು ಕೇಂದ್ರವಾದ ಮೇಲೆ ಬೆಳೆಯುತ್ತಿರುವ ಮಸ್ಕಿಯಲ್ಲಿ ಮನೆ ಎಷ್ಟು ಕೋಣೆಯದು ಎಂದು ಕೇಳುವವರಿಗಿಂತ "ಎಲಿವೇಶನ್ ಹೆಂಗ ಮಾಡಸ್ತೀರಿ?" ಎಂದು ಕೇಳುವವರೇ ಈಗ ಹೆಚ್ಚು. ಕಾಂಟ್ರ್ಯಾಕ್ಟರು ಮೊಬೈಲಿನಲ್ಲಿ ಹತ್ತು ಚಿತ್ರ ತೋರಿಸುತ್ತಾನೆ. ಹತ್ತರಲ್ಲಿ ಏಳರ ಮುಂಗೋಡೆಗೆ ಕಲ್ಲು. ಹತ್ತಿರ ಹೋಗಿ ಬೆರಳು ಮಡಚಿ ತಟ್ಟಿದರೆ ಅದು ಸಿಮೆಂಟು, ಇಲ್ಲವೇ ಟೈಲ್ಸು, ಇಲ್ಲವೇ ಫೋಮು. ಮನೆಯ ಹಿರಿಯರು ಮೂಗು ಮುರಿಯುತ್ತಾರೆ: "ಕಲ್ಲಿನ ನಾಡಿನ್ಯಾಗ ಹುಟ್ಟಿ ಖೊಟ್ಟಿ ಕಲ್ಲು ಯಾಕ ಹಚ್ಚತೀರಿ?"

ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಸ್ಕಿಯ ದುರ್ಗದ ಗುಡ್ಡದಲ್ಲಿ ಅಶೋಕ ಬರೆಸಿದ ಅಕ್ಷರಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದವು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅವನ್ನು ಕಂಡಾಗಲೂ ಅಶೋಕನ ಹೆಸರು ಓದಲು ಬರುವಂತಿತ್ತು. ಯಾವ ಕಾರ್ಖಾನೆಯ ಗ್ಯಾರಂಟಿ ಕಾರ್ಡೂ ಅಷ್ಟು ಬಾಳಿಕೆ ಬರೆದುಕೊಡಲಾರದು. ಮುದಗಲ್ಲಿನ ಕೋಟೆ ಇದೇ ನೆಲದ ಕಲ್ಲಿನದು. ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲು ಲಿಂಗಸುಗೂರಿಗೆ ದೂರವಲ್ಲ. ಇಷ್ಟೆಲ್ಲ ಇದ್ದೂ ನಾನು ಖೊಟ್ಟಿ ಕಲ್ಲಿನ ಪರ ಮಾತಾಡುತ್ತೇನೆ. ಎಲ್ಲ ಕಡೆಗೂ ಅಲ್ಲ, ಅದು ಸಲ್ಲುವ ಕಡೆಗೆ ಮಾತ್ರ.

ಮೊದಲು ನಾಚಿಕೆ ಬಿಡಿ. ಗೋಡೆಗೆ ಕಲ್ಲಿನ ವೇಷ ಹಾಕುವುದು ನಮ್ಮ ಕಾಲದ ಚಟವಲ್ಲ. ಸಿಮೆಂಟು ಹಳ್ಳಿಗೆ ಬಂದ ಕಾಲದಲ್ಲಿ ಗೌಂಡಿಗಳು ಹಸಿ ಗಿಲಾವಿನ ಮೇಲೆ ದಾರ ಒತ್ತಿ, ಕರಣೆಯ ತುದಿಯಿಂದ ಗೆರೆ ಕೊರೆದು, ಗೋಡೆಯನ್ನು ಕಟ್ಟುಗಲ್ಲಿನಂತೆ ಕಾಣಿಸುತ್ತಿದ್ದರು. ಹಳೆಯ ಓಣಿಗಳಲ್ಲಿ ಅಂಥ ಗೋಡೆಗಳು ಈಗಲೂ ಸಿಗುತ್ತವೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆ ಹೊರಗಿನಿಂದ ಕಲ್ಲಿನ ಮನೆ, ಒಳಗೆ ಕಟ್ಟಿಗೆಯದು. ಹಲಗೆಗಳ ಅಂಚು ಕೆತ್ತಿ, ಹಸಿ ಬಣ್ಣದ ಮೇಲೆ ಉಸುಕು ಎರಚಿ ಕಲ್ಲಿನ ಮೈ ತರಿಸಿದ್ದರು. ಆದ್ದರಿಂದ ಅಸಲಿಯೋ ನಕಲಿಯೋ ಎಂಬ ವಾದ ಬದಿಗಿರಲಿ. ಗೋಡೆಗೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನೋಡಿ.

ಮೊದಲ ಲಾಭ ತೂಕದ್ದು. ಗ್ರಾನೈಟು 20 ಮಿಲಿಮೀಟರ್ ದಪ್ಪದ್ದಾದರೆ ಚದರಡಿಗೆ ಹತ್ತಿರ ಹತ್ತಿರ 5 ಕಿಲೋ ತೂಗುತ್ತದೆ. 40 ಮಿಲಿಮೀಟರಿನ ಒರಟು ಕಲ್ಲಾದರೆ 10 ಕಿಲೋ. ಅಚ್ಚಿನಲ್ಲಿ ಹೊಯ್ದ ಸಿಮೆಂಟಿನ ಕಲ್ಲು ಸಾಮಾನ್ಯವಾಗಿ ಮೂರು-ನಾಲ್ಕು ಕಿಲೋ, ಎಲಿವೇಶನ್ ಟೈಲ್ಸು ಎರಡು ಕಿಲೋ ಆಸುಪಾಸು, ಫೋಮಿನ ಹಲಗೆಯ ತೂಕ ಲೆಕ್ಕಕ್ಕೇ ಇಲ್ಲ. 30 ಅಡಿ ಅಗಲ, 20 ಅಡಿ ಎತ್ತರದ ಮುಂಗೋಡೆ ಹಿಡಿಯಿರಿ. ಬಾಗಿಲು, ಕಿಟಕಿ ಕಳೆದರೆ 450 ಚದರಡಿ ಉಳಿಯಿತು. ಒರಟು ಕಲ್ಲು ಹಚ್ಚಿದರೆ ನಾಲ್ಕೂವರೆ ಟನ್, ಅಚ್ಚಿನ ಕಲ್ಲಾದರೆ ಒಂದೂವರೆ ಟನ್ನಿನ ಆಜುಬಾಜು. ಮೂರು ಟನ್ ಭಾರ ಗೋಡೆಯ ಮುಖದಿಂದ ಇಳಿಯಿತು.

ಈ ಭಾರ ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಾಲ್ಕನಿಯಲ್ಲಿ. ನಮ್ಮಲ್ಲಿ ಮೂರಡಿ ಸ್ಲ್ಯಾಬು ಹೊರಚಾಚಿ, ಅದರ ತುದಿಗೆ ನಾಲ್ಕಿಂಚಿನ ಗೋಡೆ ಎಬ್ಬಿಸಿ, ಆ ಗೋಡೆಗೇ ಕಲ್ಲು ಮೆತ್ತಿಸುವ ರೂಢಿ ಇದೆ. ಕೆಳಗೆ ಆಧಾರವಿಲ್ಲದ ಸ್ಲ್ಯಾಬಿಗೆ ತುದಿಯ ಭಾರವೇ ಹೆಚ್ಚು ಕಷ್ಟದ್ದು. ಅಲ್ಲಿ ನಿಜವಾದ ಕಲ್ಲು ಬೇಡವೇ ಬೇಡ. ಮೊದಲ ಮಹಡಿಯ ಪ್ಯಾರಾಪೆಟ್ಟು, ಪೋರ್ಟಿಕೋದ ಅಂಚು, ಕಿಟಕಿಯ ಮೇಲಿನ ಪಟ್ಟಿ, ಇವೆಲ್ಲ ಹಗುರ ಕಲ್ಲಿನ ಜಾಗಗಳು.

ಎರಡನೆಯ ಲಾಭ, ಕಟ್ಟಿ ಮುಗಿದ ಮನೆಗೂ ಹಚ್ಚಬಹುದು. ಭಾರದ ಕಲ್ಲಿಗೆ ಪಾಯದಲ್ಲೇ ಜಾಗ ಬಿಡಬೇಕು, ಇಲ್ಲವೇ ಗೋಡೆಗೆ ಕೊಂಡಿ ಹಾಕಿ ಹಿಡಿಸಬೇಕು. ಒಂದಿಂಚಿನ ಒಳಗಿನ ಹಗುರ ಕಲ್ಲಿಗೆ ಗಟ್ಟಿ ಗಿಲಾವು, ಒಳ್ಳೆಯ ಅಂಟು ಸಾಕು. ದಪ್ಪ ಕಡಿಮೆಯಾದ್ದರಿಂದ ಜಾಗವೂ ಉಳಿಯುತ್ತದೆ; 30-40ರ ಸೈಟಿನಲ್ಲಿ ಒಂದೊಂದು ಇಂಚೂ ಕಾರು ನಿಲ್ಲಿಸಲು ಬೇಕಾಗುತ್ತದೆ. ಮೂರನೆಯದು ಕೆಲಸದ ಮಾತು: ಉಳಿ-ಸುತ್ತಿಗೆ ಹಿಡಿದು ಮುಖಕ್ಕೆ ಮುಖ ಕೂಡಿಸಿ ಕಲ್ಲು ಕಟ್ಟುವ ಕೈಗಳು ಕಡಿಮೆಯಾಗಿವೆ, ಟೈಲ್ಸಿನ ಗೌಂಡಿ ಪ್ರತಿ ಊರಲ್ಲಿದ್ದಾನೆ. ನಾಲ್ಕನೆಯದು ಬಣ್ಣದ ಖರ್ಚು. ಮೈಯೊಳಗೇ ಬಣ್ಣ ಬೆರೆತ ಕಲ್ಲಾದರೆ ಆ ಗೋಡೆಗೆ ಎರಡು-ಮೂರು ವರ್ಷಕ್ಕೊಮ್ಮೆ ಪೇಂಟು ಬಳಿಯುವ ತಾಪತ್ರಯವಿಲ್ಲ. ದಸರೆ-ದೀಪಾವಳಿಗೆ ನೀರು ಹೊಡೆದು ಮೆತ್ತಗೆ ಉಜ್ಜಿದರೆ ಆಯಿತು.

ಮನೆ ತಣ್ಣಗಿರುತ್ತದೆ ಎಂದು ಮಾರುವವರು ಹೇಳುವ ಲಾಭ ಒಂದಿದೆ. ಅದನ್ನು ಪೂರ್ತಿ ನಂಬಬೇಡಿ. ಗೋಡೆಗೆ ಅಂಟಿಸಿದ ಒಂದಿಂಚಿನ ಸಿಮೆಂಟು ಕಲ್ಲು 42-43 ಡಿಗ್ರಿ ಬಿಸಿಲನ್ನು ತಡೆಯಲಾರದು. ತಂಪು ಬರುವುದು ಕಲ್ಲಿಗೂ ಗೋಡೆಗೂ ನಡುವೆ ಗಾಳಿ ಆಡುವ ಸಂದು ಬಿಟ್ಟಾಗ, ಇಲ್ಲವೇ ಹಿಂದೆ ಶಾಖ ತಡೆಯುವ ಪದರ ಇದ್ದಾಗ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳು ತಣ್ಣಗಿದ್ದದ್ದು ಎರಡಡಿ ದಪ್ಪದ ಗೋಡೆಯಿಂದ, ಮೇಲೆ ಹಾಕಿದ ಮಣ್ಣಿನಿಂದ. ಕಲ್ಲಿನ ಚಿತ್ರದಿಂದಲ್ಲ. ಪಡುವಣ ಗೋಡೆಗೆ ಕಪ್ಪು ಬಣ್ಣದ ಕಲ್ಲು ಹಚ್ಚಿದರಂತೂ ಸೆಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆ ದಿಕ್ಕಿಗೆ ತಿಳಿ ಬಣ್ಣದ್ದೇ ಇರಲಿ.

ಇನ್ನು ಊರೂರಿನ ಮಾತು. ಮೂರೂ ಒಂದೇ ಜಿಲ್ಲೆಯ ಊರುಗಳಾದರೂ ನೆಲ ಒಂದೇ ಅಲ್ಲ.

ಸಿಂಧನೂರಿನದು ಎರಿ ನೆಲ, ಕಾಲುವೆಯ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆ ಭತ್ತ ತಂದಿತು. ಅದರ ಜೊತೆಗೆ ಎಷ್ಟೋ ಹೊಲಕ್ಕೆ ಜವುಳು, ಚೌಳು ಕೂಡ ತಂದಿತು. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಸರಿ ಇಲ್ಲದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರುತ್ತದೆ. ಇದನ್ನು ಮುಚ್ಚಲು ಕಲ್ಲು ಹಚ್ಚಿಸುವವರೇ ಬಹಳ. ಹಾಗೆ ಮಾಡಬೇಡಿ. ಜ್ವರ ಬಂದ ಮೈಗೆ ರೇಷ್ಮೆ ಅಂಗಿ ತೊಡಿಸಿದರೆ ಜ್ವರ ಇಳಿಯುವುದಿಲ್ಲ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ನಡುವಿನ ಅಂತರ ಅಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಿರಿ. ಅಂತರ ಹೆಚ್ಚು ಕಡಿಮೆಯಾಗುತ್ತಿದ್ದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಎಂದರ್ಥ. ಆಗ ಕಲ್ಲಿನ ಹಣವನ್ನು ಎಂಜಿನಿಯರಿಗೆ ಕೊಡಿ. ಮನೆಯ ಸುತ್ತ ಮೂರಡಿ ಫರಸಿ ಹಾಸಿ, ನೀರು ಪಾಯದ ಕಡೆ ಹೋಗದಂತೆ ಹೊರಗೆ ಇಳಿಜಾರು ಕೊಡಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಿರಲಿ. ಹೊಸದಾಗಿ ಕಟ್ಟುವವರು ಎರಿ ನೆಲಕ್ಕೆ ತಕ್ಕ ಪಾಯ, ಪ್ಲಿಂತ್ ಬೀಮು ಕೇಳಿ ಹಾಕಿಸಿರಿ.

ಚೌಳಿನದು ಇನ್ನೊಂದು ಕಥೆ. ನೆಲದ ಉಪ್ಪು ನೀರಿನೊಂದಿಗೆ ಗೋಡೆ ಏರಿ, ನೀರು ಆರಿದ ಮೇಲೆ ಗಿಲಾವಿನಲ್ಲಿ ಉಳಿದು ಅದನ್ನು ಹಿಟ್ಟು ಮಾಡುತ್ತದೆ. ಕೈಯಿಂದ ಸವರಿದರೆ ಬಿಳಿ ಪುಡಿ ಉದುರುವ ಗೋಡೆ ನೋಡಿರಬಹುದು. ಅದರ ಮೇಲೆ ಎಂಥ ಅಂಟು ಹಾಕಿದರೂ ಅಂಟು ಹಿಡಿಯುವುದು ಹಿಟ್ಟನ್ನು, ಗೋಡೆಯನ್ನಲ್ಲ. ಮೊದಲು ಸಡಿಲ ಗಿಲಾವು ಕೆತ್ತಿಸಿ, ತೇವ ಎಲ್ಲಿಂದ ಬರುತ್ತದೆಂದು ಹುಡುಕಿ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಹೊಸ ಗಿಲಾವು ಹಾಕಿಸಿ. ಇನ್ನೊಂದು ಮಾತು: ರೈಸ್ ಮಿಲ್ಲಿನ ಬದಿಗೆ ಮನೆ ಇದ್ದರೆ ಆಳವಾದ ಸಂದುಗಳ ಒರಟು ಕಲ್ಲು ಆರಿಸಬೇಡಿ. ತವುಡಿನ ಧೂಳು, ಹೊಟ್ಟು ಸಂದಿನಲ್ಲಿ ಕೂತು, ಮಳೆಯಲ್ಲಿ ನೆನೆದು ಕಪ್ಪು ಗೆರೆಯಾಗಿ ಇಳಿಯುತ್ತದೆ. ಸಪಾಟಾದ, ತೆಳು ಗೆರೆಯ ವಿನ್ಯಾಸ ತೊಳೆಯಲು ಸುಲಭ.

ಲಿಂಗಸುಗೂರು, ಮುದಗಲ್ ಕಡೆಯವರಿಗೆ ಬೇರೆ ಎಚ್ಚರ ಬೇಕು. ಅಲ್ಲಿ ಹಳೆಯ ಮನೆಗಳ ಗೋಡೆಯೇ ಕಲ್ಲು, ನಡುವೆ ಮಣ್ಣಿನ ಗಾರೆ. ಅಂಥ ಗೋಡೆಗೆ ಸಿಮೆಂಟು ಬಳಿದು ಮೇಲೆ ಕಲ್ಲಿನ ಟೈಲ್ಸು ಹಚ್ಚುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅಸಲಿ ಒಳಗೆ, ನಕಲಿ ಹೊರಗೆ! ಬರೀ ಚಂದದ ಮಾತಲ್ಲ ಇದು. ಮಣ್ಣಿನ ಗಾರೆಯ ಗೋಡೆ ಒಳಗಿನ ತೇವವನ್ನು ಮೈಯಿಂದಲೇ ಹೊರಬಿಡುತ್ತದೆ. ಸಿಮೆಂಟು, ಟೈಲ್ಸು ಅದನ್ನು ಕಟ್ಟಿಹಾಕಿದರೆ ಒಳಗಿನ ಮಣ್ಣು ಮೆತ್ತಗಾಗಿ ಗೋಡೆ ಹೊಟ್ಟೆ ಬಿಡುತ್ತದೆ. ಹಳೆಯ ಕಲ್ಲಿನ ಗೋಡೆ ಇದ್ದವರು ಪುಣ್ಯವಂತರು. ಸುಣ್ಣದ ಗಾರೆಯಿಂದ ಸಂದು ತುಂಬಿಸಿ, ಕಲ್ಲಿನ ಮೇಲಿನ ಹಳೆಯ ಬಣ್ಣ ತೆಗೆಸಿ, ಹಾಗೆಯೇ ಬಿಡಿ.

ಮಸ್ಕಿಯವರಿಗೆ ಗುಡ್ಡ ಕಣ್ಣೆದುರೇ ಇದೆ. ಆ ಬಂಡೆಗಳ ಬೂದು, ತಿಳಿಗೆಂಪು ಬಣ್ಣ ನೋಡಿ ಅದಕ್ಕೆ ಹೊಂದುವ ಕಲ್ಲು ಆರಿಸಿರಿ. ಮಲೆನಾಡಿನ ಕಪ್ಪು, ಯಾವುದೋ ದೇಶದ ಹಳದಿ ನಮ್ಮ ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುತ್ತವೆ. ನೆಲದ ಬಣ್ಣಕ್ಕೆ ಹತ್ತಿರದ ಗೋಡೆಯಲ್ಲಿ ಧೂಳೂ ಕಡಿಮೆ ಕಾಣುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಅಂಗಡಿಯವನಿಂದ ಒಂದು ತುಂಡು ಕೇಳಿ ಇಸಿದುಕೊಂಡು ಒಡೆದು ನೋಡಿ. ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಅಂಚು ಕಿತ್ತರೂ ಗಾಯ ಎದ್ದು ಕಾಣುವುದಿಲ್ಲ. ಮೇಲೆ ಮಾತ್ರ ಬಣ್ಣ, ಒಳಗೆ ಬೂದು ಸಿಮೆಂಟು ಇದ್ದರೆ ಒಂದು ಕ್ರಿಕೆಟ್ ಚೆಂಡು ಸಾಕು ಗುಟ್ಟು ರಟ್ಟಾಗಲು. ಇನ್ನೊಂದು ತುಂಡನ್ನು ತೂಗಿ, ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿ. ತೂಕ ಬಹಳ ಏರಿದರೆ ಅದು ನೀರು ಕುಡಿಯುವ ಕಲ್ಲು, ಮಳೆ ಬೀಳುವ ಗೋಡೆಗೆ ಬೇಡ. ಎರಡು-ಮೂರು ಅಂಗಡಿಯ ತುಂಡು ತಂದು ಹೀಗೆ ತೂಗಿದರೆ ವ್ಯತ್ಯಾಸ ತಾನೇ ಹೇಳುತ್ತದೆ. ಮೂರನೆಯ ತುಂಡನ್ನು ಅರ್ಧ ಮುಚ್ಚಿ, ಅರ್ಧ ತೆರೆದು ಮಾಳಿಗೆಯ ಮೇಲೆ ಬೇಸಿಗೆಯುದ್ದಕ್ಕೂ ಇಡಿ. ಎರಡು ಅರ್ಧದ ಬಣ್ಣ ಬೇರೆಯಾದರೆ ಆ ಮಾಲು ನಮ್ಮ ಸೀಮೆಗೆ ಆಗದು.

ಪೇವರ್ಸ್ ಹೊಯ್ಯುವ ಕಡೆಯೇ ಈಗ ರಬ್ಬರಿನ ಅಚ್ಚಿನಲ್ಲಿ ಕಲ್ಲು ಹೊಯ್ದು ಕೊಡುತ್ತಾರೆ. ಬೆಲೆ ಹಗುರ, ಸಾಗಾಟವೂ ಹಗುರ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ದಿನ ನೀರು ಕುಡಿಸಿದಿರಿ? ನಿನ್ನೆ ಹೊಯ್ದ ಕಲ್ಲು ಇವತ್ತು ಟ್ರ್ಯಾಕ್ಟರ್ ಏರಿದರೆ ಅದು ಗೋಡೆಯ ಮೇಲೆ ಬಾಳುವುದಿಲ್ಲ. ಟೈಲ್ಸು ಹೆಚ್ಚಾಗಿ ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಹೊರಗೋಡೆಗೆ ಆಗುವುದೋ ಒಳಗಿನದೋ ಎಂದು ಪೆಟ್ಟಿಗೆಯ ಮೇಲೆಯೇ ನೋಡಿಕೊಳ್ಳಿ. ಬಣ್ಣದಲ್ಲಿ ಫರಕು ಬರದಂತೆ ಒಂದೇ ಬ್ಯಾಚಿನದು, ಹತ್ತಕ್ಕೊಂದರಂತೆ ಹೆಚ್ಚು ತನ್ನಿ. ಫೋಮಿನ ಹಲಗೆ ಹಗುರ, ಕೆಲಸ ಒಂದೇ ದಿನದ್ದು. ಆದರೆ ಅದು ಬೆಂಕಿಗೆ ಹೆದರುವ ವಸ್ತು. ಕರೆಂಟಿನ ಮೀಟರು ಬೋರ್ಡು, ಅಡುಗೆಮನೆಯ ಹೊಗೆಗಂಡಿ, ದೀಪಾವಳಿಯ ಹಣತೆ ಸಾಲು, ಪಟಾಕಿ ಹಚ್ಚುವ ಅಂಗಳದ ಹತ್ತಿರ ಹಾಕಬೇಡಿ.

ಹಚ್ಚುವ ಕೆಲಸದಲ್ಲಿ ನೀವು ಎದುರಿಗೆ ನಿಲ್ಲಬೇಕು. ಅರ್ಧಕ್ಕರ್ಧ ಸೋಲು ಆಗುವುದು ಇಲ್ಲಿಯೇ. ಗೌಂಡಿ ಕಲ್ಲಿನ ಬೆನ್ನಿಗೆ ನಡುವೆ ಒಂದು ಮುದ್ದೆ ಸಿಮೆಂಟು ಇಟ್ಟು ಗೋಡೆಗೆ ಒತ್ತುತ್ತಾನೆ. ಕಲ್ಲು ನಿಲ್ಲುತ್ತದೆ, ಆದರೆ ನಾಲ್ಕೂ ಮೂಲೆ ಪೊಳ್ಳು. ಆ ಪೊಳ್ಳಿನಲ್ಲಿ ಮಳೆನೀರು ಸೇರಿ, ಬಿಸಿಲಿಗೆ ಕಾಯ್ದು, ಒಂದು ದಿನ ಕಲ್ಲು ಬೈಕಿನ ಮೇಲೆ ಬೀಳುತ್ತದೆ. ಹಲ್ಲಿನ ಕರಣೆಯಿಂದ ಗೋಡೆಗೂ ಅಂಟು ಎಳೆಸಿ, ಕಲ್ಲಿನ ಬೆನ್ನಿಗೂ ಪೂರ್ತಿ ಸವರಿಸಿ. ಮೊದಲ ಐದಾರು ಕಲ್ಲು ಹಚ್ಚಿದ ಕೂಡಲೇ ಒಂದನ್ನು ಕಿತ್ತು ಬೆನ್ನು ನೋಡಿ. ಬೆನ್ನಿಡೀ ಅಂಟು ಹಿಡಿದಿದ್ದರೆ ಮುಂದುವರಿಯಲಿ. ಕೆಲಸ ಮುಗಿದು ಗಟ್ಟಿಯಾದ ಮೇಲೆ ಕರಣೆಯ ಹಿಡಿಯಿಂದ ಒಂದೊಂದೇ ತಟ್ಟಿ ನೋಡಿ. ಡಬ್ ಎಂದರೆ ಪೊಳ್ಳು. ಕೊನೆಯ ಬಟವಾಡೆ ಈ ತಟ್ಟುವಿಕೆ ಆದ ಮೇಲೆಯೇ ಆಗಲಿ.

ಬರೀ ಸಿಮೆಂಟಿನ ಹಾಲಿಗಿಂತ ಚೀಲದ ಅಂಟು ಒಳ್ಳೆಯದು. ಚೀಲದ ಮೇಲೆ ಐಎಸ್ 15477 ಎಂಬ ಮಾನಕ, ಅದರ ಟೈಪು ಬರೆದಿರುತ್ತದೆ. ಹೊರಗೋಡೆಗೆ ಹೊಂದುವ ಟೈಪನ್ನೇ ಕೇಳಿ ತನ್ನಿ. ಹೊಸ ಗಿಲಾವಿಗೆ ವಾರವಾದರೂ ಚೆನ್ನಾಗಿ ನೀರು ಹೊಡೆದು, ತಿಂಗಳವರೆಗೆ ಬಿಟ್ಟು, ಆಮೇಲೆ ಕಲ್ಲು ಹಚ್ಚಿಸಿ. ಪೇಂಟಿದ್ದ ಹಳೆಯ ಗೋಡೆಯಾದರೆ ಪೇಂಟು ಕೆರೆಸಿ, ಕಚ್ಚು ಹೊಡೆಸಲೇಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಡು ಮಧ್ಯಾಹ್ನ ಕೆಲಸ ಬೇಡ. ಕಾದ ಗೋಡೆ ಅಂಟಿನ ನೀರನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೀರುತ್ತದೆ. ಮುಂಜಾನೆ ಮಾಡಿಸಿ, ಇಲ್ಲವೇ ಗೋಡೆಗೆ ನೆರಳು ಬಿದ್ದ ಮೇಲೆ ಮಾಡಿಸಿ.

ಕಲ್ಲಿಗೆ ಉಸಿರಾಡಲು ಸಂದು ಬೇಕು. 20 ಅಡಿ ಉದ್ದದ ಗೋಡೆಯ ಮುಖ ನಸುಕಿನಿಂದ ನಡುಹಗಲಿಗೆ 40 ಡಿಗ್ರಿ ಹೆಚ್ಚು ಕಾದರೆ ಎರಡು ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಎಂಟು-ಹತ್ತು ಅಡಿಗೊಂದು ಸಂದು ಬಿಟ್ಟು, ಸಿಮೆಂಟಿನಿಂದಲ್ಲ, ಹಿಗ್ಗಿ ಕುಗ್ಗುವ ಸೀಲಂಟಿನಿಂದ ತುಂಬಿಸಿ. ಮೇಲಿನ ಅಂಚಿಗೆ ಹೊರಕ್ಕೆ ಚಾಚಿದ ಕಡಪ ಕಲ್ಲಿನ ಪಟ್ಟಿ ಕೂರಿಸಿ, ಅದರ ಅಡಿಗೆ ನೀರು ತೊಟ್ಟಿಕ್ಕುವ ಗೀರು ಕೊರೆಸಿ. ಕಲ್ಲಿನ ಹಿಂದೆ ನೀರು ಇಳಿಯುವ ದಾರಿ ಅಲ್ಲೇ ಮುಚ್ಚುತ್ತದೆ.

ತೋರಣದ ಕೊಕ್ಕೆ, ದೀಪದ ಸರದ ಹಿಡಿಕೆ, ಡಿಶ್ಶು, ಎಸಿಯ ಸ್ಟ್ಯಾಂಡು, ಮೀಟರು ಬೋರ್ಡು ಎಲ್ಲೆಲ್ಲಿ ಎಂದು ಮೊದಲೇ ಗುರುತು ಹಾಕಿ, ಕಲ್ಲು ಹಚ್ಚುವ ಮುನ್ನವೇ ಕೂರಿಸಿರಿ. ಯುಗಾದಿಯ ದಿನ ಮಾವಿನೆಲೆ ಕಟ್ಟಲು ಮೊಳೆ ಹೊಡೆದು ಕಲ್ಲು ಸೀಳಿದ ಮನೆಗಳು ಬೇಕಾದಷ್ಟಿವೆ. ತೊಳೆಯಲು ಆಸಿಡ್ ಮುಟ್ಟಬೇಡಿ, ಸಿಮೆಂಟಿನ ಕಲ್ಲನ್ನು ಅದು ತಿನ್ನುತ್ತದೆ. ಬೋರಿನ ಗಡಸು ನೀರನ್ನು ದಿನಾ ಪೈಪಿನಿಂದ ಹಾರಿಸಿದರೆ ಬಿಳಿ ಕಲೆ ಕೂರುತ್ತದೆ. ಹೊಳಪಿನ ವಾರ್ನಿಶ್ ಬೇಡ. ನೀರನ್ನು ಹೊರಗೆ ತಡೆದು ಒಳಗಿನ ಆವಿಯನ್ನು ಬಿಡುವಂಥ ಸೀಲರು ಸಿಗುತ್ತದೆ, ಅದನ್ನೇ ಕೇಳಿ.

ಖರ್ಚು ಹೋಲಿಸುವಾಗ ಕಲ್ಲಿನ ಚದರಡಿ ದರ ಒಂದನ್ನೇ ನೋಡಿ ಮರುಳಾಗಬೇಡಿ. ಅಂಟು, ಮೂಲೆಯ ತುಂಡು, ಸಾರುವೆ, ಕೂಲಿ, ಸೀಲರು, ಒಡೆದು ಹೋಗುವ ಮಾಲು ಎಲ್ಲ ಕೂಡಿಸಿ ಚದರಡಿಗೆ ಎಷ್ಟು ಎಂದು ಬರೆಸಿಕೊಳ್ಳಿ. ಮೂಲೆಯ ತುಂಡುಗಳಿಗೆ ಅಡಿಯುದ್ದದ ಲೆಕ್ಕ ಬೇರೆ. ಕಿಟಕಿ-ಬಾಗಿಲು ಕಳೆಯುತ್ತಾರೋ ಇಲ್ಲವೋ ಎಂದು ಕೆಲಸ ಹಿಡಿಯುವ ಮುನ್ನವೇ ಮಾತಾಡಿ. ಗೋಡೆ ಪೂರ್ತಿ ಹಚ್ಚಿಸುವ ಹಟವೂ ಬೇಡ. ಬಾಗಿಲ ಎಡಬಲದ ಒಂದು ಪಟ್ಟಿ, ಮೆಟ್ಟಿಲ ಕೋಣೆಯ ಎತ್ತರದ ಮುಖ, ಪೋರ್ಟಿಕೋದ ಕಂಬ, ಇಷ್ಟಕ್ಕೆ ಹಚ್ಚಿ ಉಳಿದದ್ದಕ್ಕೆ ತಿಳಿ ಬಣ್ಣ ಬಳಿದರೆ ಮನೆ ಹೆಚ್ಚು ಲಕ್ಷಣವಾಗಿ ಕಾಣುತ್ತದೆ, ಸಾಲವೂ ಹಗುರಾಗುತ್ತದೆ.

ನನ್ನ ತೀರ್ಪು ಇಷ್ಟು. ಹೊಸ ಮನೆಯ ಪಾಯದ ಮೇಲಿನ ಕಟ್ಟು, ಅಂದರೆ ದನದ ಮೈ, ಸೈಕಲ್ಲಿನ ಹ್ಯಾಂಡಲ್ಲು, ಮಳೆಯ ಕೆಸರು, ಮಕ್ಕಳ ಚೆಂಡು ತಾಕುವ ಎತ್ತರದವರೆಗೆ, ನಮ್ಮ ಊರಿನ ಸೈಜುಗಲ್ಲಿನಿಂದಲೇ ಕಟ್ಟಿಸಿ, ಅದರ ಮೇಲೆ ತೇವ ಏರದಂತೆ ಪಟ್ಟಿ ಹಾಕಿಸಿ. ಅಲ್ಲಿ ಖೊಟ್ಟಿ ಕಲ್ಲಿಗೆ ಕೆಲಸವಿಲ್ಲ. ಅದರ ಮೇಲೆ, ಕೈಗೆ ಎಟುಕದ, ಭಾರ ಆಗದ ಕಡೆಗಳಲ್ಲಿ ಅಚ್ಚಿನ ಹಗುರ ಕಲ್ಲು ಹಚ್ಚಿಸಿ. ಗಟ್ಟಿ ಗೋಡೆಗೆ ಅದು ಬಣ್ಣದ ಖರ್ಚು ಉಳಿಸುತ್ತದೆ, ಚಂದವನ್ನೂ ಕೊಡುತ್ತದೆ. ಬಿರುಕು ಬಿಟ್ಟ, ತೇವ ಹಿಡಿದ ಗೋಡೆಗೆ ಅದು ಏನನ್ನೂ ಕೊಡುವುದಿಲ್ಲ. ಆದ್ದರಿಂದ ಕಲ್ಲಿನ ಅಂಗಡಿಗೆ ಹೋಗುವ ಮೊದಲು ನಿಮ್ಮ ಗೋಡೆಯನ್ನು ಒಂದು ಸುತ್ತು ಬಂದು, ತಟ್ಟಿ, ಸವರಿ ನೋಡಿರಿ.